ಗೆಟ್ಟಿಸ್‌ಬರ್ಗ್ ರಣರಂಗದಲ್ಲಿ ವರ್ಜೀನಿಯಾ ಸ್ಮಾರಕ: ಇರಲಿಯೇ, ಬೇಡವೇ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗೆಟ್ಟಿಸ್‌ಬರ್ಗ್ ಅಂತ ಒಂದು ಸಣ್ಣ ಊರಿದೆ. 1863ರ ಜುಲೈ 1, 2 ಮತ್ತು 3ರಂದು ಅದರ ಸುತ್ತಲಿನ ಹೊಲಗಳಲ್ಲಿ ಅಲ್ಲಿನ ಅಂತರ್ಯುದ್ಧದ ಭೀಕರ ಕಾಳಗ ನಡೆಯಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಮೂರೇ ದಿನದಲ್ಲಿ ಎರಡೂ ಕಡೆ ಸುಮಾರು 51,000 ಮಂದಿ. ಈಗ ಆ ಹೊಲಗಳಲ್ಲಿ 1,300ಕ್ಕೂ ಜಾಸ್ತಿ ಸ್ಮಾರಕಗಳು, ಫಲಕಗಳು ಇವೆ. ಹೆಚ್ಚಿನವು ಗೆದ್ದ ಉತ್ತರದ ಸೈನಿಕರವು. ಗುಲಾಮಗಿರಿಗಾಗಿ ದೇಶದಿಂದ ಒಡೆದು ಹೊರಹೋಗಿ ಸೋತ ದಕ್ಷಿಣದ ಕಾನ್ಫೆಡರೇಟ್ ರಾಜ್ಯಗಳ ಪೈಕಿ ಇಲ್ಲಿ ಮೊದಲು ಸ್ಮಾರಕ ಕಟ್ಟಿದ್ದು ವರ್ಜೀನಿಯಾ. ಅನಾವರಣ ಆದದ್ದು 1917ರ ಜೂನ್ 8ರಂದು.

ಒಟ್ಟು ಎತ್ತರ 41 ಅಡಿ. ತುದಿಯಲ್ಲಿ ಕುದುರೆ ಮೇಲೆ ಕೂತ ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ. ತಳದಲ್ಲಿ ಕಂಚಿನ ಏಳು ಸೈನಿಕರು. ಬೆನ್ನಿಗೆ ಸೆಮಿನರಿ ದಿಬ್ಬದ ಕಾಡು, ಎದುರಿಗೆ ಬಯಲು. ಕೆತ್ತಿದವನು ಫ್ರೆಡರಿಕ್ ವಿಲಿಯಂ ಸೀವರ್ಸ್. 2020ರ ಜುಲೈನಲ್ಲಿ ಅಮೆರಿಕದ ಕೆಳಮನೆ ಒಪ್ಪಿದ ಒಂದು ಹಣಕಾಸು ಮಸೂದೆಯಲ್ಲಿ, ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಗಗಳಲ್ಲಿರುವ ಕಾನ್ಫೆಡರೇಟ್ ಸ್ಮಾರಕಗಳನ್ನು ತೆಗೆಯಬೇಕು ಎಂಬ ಮಾತೂ ಸೇರಿತ್ತು. ಅದು ಕಾನೂನಾಗಲಿಲ್ಲ. ಆದರೆ ಪ್ರಶ್ನೆ ಮುಗಿದಿಲ್ಲ. ಇಲ್ಲಿ ಎರಡೂ ಕಡೆಯ ವಾದ ಇದೆ.

ಪರ: ಅದು ಇರಬೇಕಾದ ಜಾಗದಲ್ಲೇ ಇದೆ

ವರ್ಜೀನಿಯಾದ ರಾಜಧಾನಿ ರಿಚ್ಮಂಡ್ ನಗರದ ಲೀ ಪ್ರತಿಮೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಇಳಿಸಿದರು. ಸರಿಯಾದ ಕೆಲಸ. ಅದೇ ರಾಜ್ಯದ ಷಾರ್ಲಟ್ಸ್‌ವಿಲ್‌ನಲ್ಲಿ ಅದೇ ವರ್ಷ ಇನ್ನೊಂದನ್ನು ತೆಗೆದರು. ಅದೂ ಸರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಗೆಟ್ಟಿಸ್‌ಬರ್ಗ್ ಸ್ಮಾರಕ ಉಳಿಯಲಿ ಅಂದ ಕೂಡಲೇ ‘ಇವನು ಆ ಕಡೆಯವನು’ ಎಂದು ಬಿಡುವವರು ತುಂಬ ಇದ್ದಾರೆ. ನಾನು ಆ ಕಡೆಯವನಲ್ಲ.

ರಿಚ್ಮಂಡ್‌ನ ಪ್ರತಿಮೆ ನಿಂತಿದ್ದು ಜನ ಮನೆ ಮಾಡಿಕೊಂಡಿರುವ ಬೀದಿಯಲ್ಲಿ. ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ಕಪ್ಪು ಜನ ದಿನಾ ಅದರ ಕೆಳಗೆ ಹಾದು ಹೋಗಬೇಕಿತ್ತು. ತಮ್ಮ ಅಜ್ಜ ಅಜ್ಜಿಯರನ್ನು ಗುಲಾಮರಾಗಿಯೇ ಇಟ್ಟುಕೊಳ್ಳಲು ಹೋರಾಡಿದ ಸೇನಾಪತಿಗೆ ತಲೆ ಎತ್ತಿ ನೋಡಬೇಕಿತ್ತು. 1890ರಲ್ಲಿ ಅದನ್ನು ಆ ಬೀದಿಯಲ್ಲಿ ನಿಲ್ಲಿಸಿದ್ದೇ ಊರು ಯಾರದ್ದು ಅಂತ ತೋರಿಸಲಿಕ್ಕೆ. ಗೆಟ್ಟಿಸ್‌ಬರ್ಗ್‌ನ ಬಯಲು ಹಾಗಲ್ಲ. ಅಲ್ಲಿಗೆ ಬರುವವರು ಯುದ್ಧ ಹೇಗೆ ನಡೆಯಿತು ಎಂದು ನೋಡಲಿಕ್ಕೇ ಬರುತ್ತಾರೆ. ವಾಷಿಂಗ್ಟನ್ ಸುತ್ತಮುತ್ತ ಇರುವ ನಮ್ಮ ಕನ್ನಡಿಗರಿಗೂ ಅದು ಎರಡು ಗಂಟೆಯೊಳಗಿನ ದಾರಿ. ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗುವವರೂ ಇದ್ದಾರೆ.

ಹಾಗೆ ಬಂದವರು ವರ್ಜೀನಿಯಾ ಸ್ಮಾರಕದ ಮುಂದೆ ನಿಂತು ಪೂರ್ವಕ್ಕೆ ನೋಡಬೇಕು. ಎದುರಿಗೆ ಬೋಳು ಬಯಲು. ಸುಮಾರು ಒಂದು ಮೈಲಿ ಆಚೆ ಸಿಮೆಟರಿ ದಿಬ್ಬ, ಅದರ ಮೇಲೆ ಸಣ್ಣದೊಂದು ಮರದ ಗುಂಪು. ನಡುವೆ ಅಡ್ಡಲಾಗಿ ಎಮಿಟ್ಸ್‌ಬರ್ಗ್ ರಸ್ತೆ, ಅದರ ಬದಿಗೆ ಮರದ ಬೇಲಿ. ಮುಚ್ಚಿಕೊಳ್ಳಲು ಗಿಡವಿಲ್ಲ, ಬಂಡೆಯಿಲ್ಲ. ಜುಲೈ 3ರ ಮಧ್ಯಾಹ್ನ, ಎರಡು ಕಡೆಯ ಫಿರಂಗಿಗಳು ಗಂಟೆಗಟ್ಟಲೆ ಗುಡುಗಿದ ಮೇಲೆ, ಈ ಕಾಡಿನಿಂದ ಸುಮಾರು 12,500 ಸೈನಿಕರು ಸಾಲುಗಟ್ಟಿ ಹೊರಬಂದರು. ಆ ಬಯಲನ್ನು ನಡೆದೇ ದಾಟಬೇಕಿತ್ತು. ಓಡಿದರೆ ಸಾಲು ಮುರಿಯುತ್ತದೆ, ಸಾಲು ಮುರಿದರೆ ದಾಳಿಯೇ ಮುರಿದ ಹಾಗೆ. ರಸ್ತೆ ಬದಿಯ ಬೇಲಿ ಹತ್ತುವಾಗ ಗುಂಡು ನೇರ ಮೈಗೇ ಬೀಳುತ್ತಿತ್ತು. ಒಂದು ಗಂಟೆಯೊಳಗೆ ಹೊರಟವರಲ್ಲಿ ಅರ್ಧಕ್ಕೂ ಜಾಸ್ತಿ ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು.

ಇದನ್ನು ಇತಿಹಾಸದಲ್ಲಿ, ಲೀಯ ಸೇನಾನಾಯಕರಲ್ಲಿ ಒಬ್ಬನಾದ ಪಿಕೆಟ್‌ನ ಹೆಸರಲ್ಲಿ, ಪಿಕೆಟ್ ದಾಳಿ ಅನ್ನುತ್ತಾರೆ. ಪಿಕೆಟ್‌ನ ಕೈಕೆಳಗೆ ಅಂದು ಹೊರಟ ಮೂರು ಬ್ರಿಗೇಡ್, 15 ರೆಜಿಮೆಂಟ್, ಅಷ್ಟೂ ವರ್ಜೀನಿಯಾದವು. ಮೂವರು ಬ್ರಿಗೇಡ್ ನಾಯಕರಲ್ಲಿ ಕೆಂಪರ್‌ಗೆ ಭಾರಿ ಗಾಯ. ಆರ್ಮಿಸ್ಟೆಡ್ ಕತ್ತಿಯ ತುದಿಗೆ ಟೋಪಿ ಸಿಕ್ಕಿಸಿ ಎತ್ತಿ ಹಿಡಿದು, ಎದುರಾಳಿಯ ಕಲ್ಲುಗೋಡೆ ದಾಟಿ ಒಳಗೆ ಹೋದ. ಅಲ್ಲೇ ಗುಂಡು ತಿಂದು ಬಿದ್ದ, ಎರಡು ದಿನದಲ್ಲಿ ಸತ್ತ. ಗಾರ್ನೆಟ್ ಮೈ ಸರಿಯಿಲ್ಲದೆ ನಡೆಯಲಾಗದೆ ಕುದುರೆ ಮೇಲೆ ಹೊರಟಿದ್ದ. ಅವನ ಹೆಣ ಇದೇ ಅಂತ ಯಾರಿಗೂ ಗುರುತು ಹಿಡಿಯಲಾಗಲಿಲ್ಲ.

ಈ ದಾಳಿ ಬೇಡ ಎಂದು ಲೀಯ ಕೈಕೆಳಗಿನ ಹಿರಿಯ ಸೇನಾನಾಯಕ ಲಾಂಗ್‌ಸ್ಟ್ರೀಟ್ ಲೀಗೆ ಮುಂಚೆಯೇ ಹೇಳಿದ್ದ. ಲೀ ಕೇಳಲಿಲ್ಲ. ಮುರಿದು ಚದುರಿ ವಾಪಸ್ ಬರುತ್ತಿದ್ದ ಸೈನಿಕರ ನಡುವೆ ಕುದುರೆ ನಡೆಸುತ್ತಾ, ತಪ್ಪೆಲ್ಲ ತನ್ನದೇ ಎಂದು ಲೀ ಹೇಳಿದ್ದನ್ನು ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಫ್ರೀಮ್ಯಾಂಟಲ್ ಬರೆದಿಟ್ಟಿದ್ದಾನೆ. ಸ್ಮಾರಕ ನಿಂತಿರುವುದು ಲೀ ಆ ದಾಳಿಯನ್ನು ನೋಡಿದ ಜಾಗದ ಹತ್ತಿರದಲ್ಲೇ. ಇನ್ನೊಂದು ತುದಿಯಲ್ಲಿ, ಗೆದ್ದ ಸೇನೆಯ ಮೀಡ್ ತಾನೂ ಕುದುರೆ ಮೇಲೆ ಕೂತು ಈ ಕಡೆ ನೋಡುತ್ತಿದ್ದಾನೆ. ಅದು 1896ರ ಪ್ರತಿಮೆ. ಎರಡನ್ನೂ ಒಟ್ಟಿಗೆ ನೋಡಿದರೆ ಯುದ್ಧದ ನಕ್ಷೆ ತಾನಾಗಿಯೇ ಕಣ್ಣಿಗೆ ಕಟ್ಟುತ್ತದೆ. ಒಬ್ಬ ಇಲ್ಲಿದ್ದ, ಅಲ್ಲಿಗೆ ಕಳಿಸಿದ. ಇಲ್ಲಿಂದ ಅಲ್ಲಿಗೆ ಎಷ್ಟು ದೂರ ನೋಡಿ. ಇದಕ್ಕಿಂತ ದೊಡ್ಡ ಆರೋಪಪಟ್ಟಿ ಲೀ ಮೇಲೆ ಯಾವ ಪುಸ್ತಕದಲ್ಲಿದೆ? ರಿಚ್ಮಂಡ್‌ನಲ್ಲಿ ಲೀ ವೀರ. ಇಲ್ಲಿ ಲೀ ತನ್ನ ಕೆಲಸದ ಫಲವನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನೋಡುತ್ತಾ ಕೂತಿದ್ದಾನೆ. ಇಲ್ಲಿಂದ ಅವನನ್ನು ಕೆಳಗಿಳಿಸಿದರೆ ಅವನಿಗೆ ಮಾಡುವ ಉಪಕಾರ ಆದೀತು.

ಇನ್ನು ತಳದ ಏಳು ಜನ. ಓದು ಬರಹದ ಕಸುಬಿನವನೊಬ್ಬ, ಮೆಕ್ಯಾನಿಕ್ ಒಬ್ಬ, ಕಲಾವಿದ, ವ್ಯಾಪಾರಿ, ರೈತ, ಒಬ್ಬ ತರುಣ, ಮತ್ತೆ ಒಬ್ಬ ಹುಡುಗ. ಮಾಡುತ್ತಿದ್ದ ಕೆಲಸ ಬಿಟ್ಟು ದಂಡಿಗೆ ಬಂದವರು. ಅವರ ಕಾಲ ಬಳಿ ಮುರಿದ ಚಕ್ರ, ಒಡೆದ ಗುಂಡು, ಚೆಲ್ಲಾಪಿಲ್ಲಿ ಬಿದ್ದ ಸಾಮಾನು. ಗೆಲುವಿನ ಗುರುತು ಒಂದೂ ಇಲ್ಲ. ಸೀವರ್ಸ್ ಎಷ್ಟು ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿದ ಅಂದರೆ, ಲೀಯ ಕುದುರೆ ಟ್ರಾವಲರ್‌ನ ಅಳತೆ ತಪ್ಪಬಾರದು ಅಂತ ವರ್ಜೀನಿಯಾದ ಲೆಕ್ಸಿಂಗ್ಟನ್‌ನಲ್ಲಿ ಇಟ್ಟಿದ್ದ ಅದರ ಎಲುಬಿನ ಗೂಡನ್ನೇ ಹೋಗಿ ನೋಡಿ ಬಂದ. ಆ ಕೈ ಕೆಳಗಿನ ಏಳು ಮುಖಗಳನ್ನೂ ಸುಮ್ನೆ ಮಾಡಿಲ್ಲ.

ಈ ಏಳು ಜನ ಯಾರ ಪರ ಹೋರಾಡಿದರು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಗುಲಾಮಗಿರಿಗಾಗಿ ಒಡೆದು ಹೊರಹೋದ ಸರ್ಕಾರದ ಪರ. ಆದರೆ ಎಲ್ಲರೂ ಇಷ್ಟಪಟ್ಟು ಬಂದವರಲ್ಲ. 1862ರ ಏಪ್ರಿಲ್‌ನಲ್ಲೇ ದಕ್ಷಿಣದಲ್ಲಿ ಕಡ್ಡಾಯ ಸೇನಾಭರ್ತಿ ಬಂತು. ಅದೇ ವರ್ಷ 20 ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿಯೂ ಬಂತು. ಅಂದರೆ ಶ್ರೀಮಂತನ ಮಗ ತೋಟದಲ್ಲಿ ಉಳಿಯಬಹುದು, ಬಡ ರೈತ ಬೇಲಿ ಹತ್ತಬೇಕು. ಆ ರೈತನ ಹೆಣಕ್ಕೂ ಗತಿಯಿರಲಿಲ್ಲ. ಲಿಂಕನ್ ಬಂದು ಭಾಷಣ ಮಾಡಿದ ರಾಷ್ಟ್ರೀಯ ಸ್ಮಶಾನದಲ್ಲಿ ದಕ್ಷಿಣದವರಿಗೆ ಜಾಗ ಕೊಡಲಿಲ್ಲ. ಅವರನ್ನು ಹೊಲದಲ್ಲೇ ಗುಂಡಿ ತೋಡಿ ಮುಚ್ಚಿದ್ದರು. 1871ರಿಂದ 1873ರ ನಡುವೆ 3,000ಕ್ಕೂ ಜಾಸ್ತಿ ಜನರ ಎಲುಬುಗಳನ್ನು ಅಗೆದು ದಕ್ಷಿಣಕ್ಕೆ ಕಳಿಸಿದರು. ಬಹುಪಾಲು ರಿಚ್ಮಂಡ್‌ನ ಹಾಲಿವುಡ್ ಸ್ಮಶಾನಕ್ಕೆ ಹೋದವು. ಸತ್ತ ಜಾಗದಲ್ಲಿ ಅವರದ್ದು ಅಂತ ಉಳಿದಿರುವುದು ಇಂಥ ನಾಲ್ಕು ಕಲ್ಲು, ಅಷ್ಟೇ.

ಕಲ್ಲಿನ ಮೇಲಿನ ಬರಹವನ್ನೂ ನೋಡಿ. ‘ಗೆಟ್ಟಿಸ್‌ಬರ್ಗ್‌ನ ತನ್ನ ಮಕ್ಕಳಿಗೆ ವರ್ಜೀನಿಯಾ’, ಇಷ್ಟೇ. ಮೊದಲು ಬೇರೆ ಸಾಲು ಕೆತ್ತಿಸಬೇಕು ಎಂದಿದ್ದರು. ತಮ್ಮ ಹಿರಿಯರ ನಂಬಿಕೆಗಾಗಿ ಇವರು ಹೋರಾಡಿದರು ಎಂಬ ಅರ್ಥದ್ದು. ರಣರಂಗದ ಉಸ್ತುವಾರಿ ನೋಡುತ್ತಿದ್ದ ಆಯೋಗ ಒಪ್ಪಲಿಲ್ಲ. ಸೋತವರಿಗೆ ಬಂದು ಅಳುವ ಜಾಗ ಕೊಟ್ಟರು, ಸಮರ್ಥನೆಗೆ ಜಾಗ ಕೊಡಲಿಲ್ಲ. ಇದು ನನಗೆ ಬಹಳ ದೊಡ್ಡ ವಿವೇಕವಾಗಿ ಕಾಣುತ್ತದೆ. 1963ರಲ್ಲಿ ಬಂದ ದಕ್ಷಿಣ ಕೆರೊಲೈನಾದ ಸ್ಮಾರಕ ರಾಜ್ಯಗಳ ಹಕ್ಕು ಪವಿತ್ರ ಎಂದು ಕಲ್ಲಿನ ಮೇಲೇ ಸಾರುತ್ತದೆ. ಅದರ ಮೇಲೆ ಯಾರಾದರೂ ಸಿಟ್ಟಾದರೆ ನಾನು ತಡೆಯುವುದಿಲ್ಲ.

ಗುಲಾಮಗಿರಿಯ ಕತೆ ಆ ಬಯಲಲ್ಲಿ ಕಮ್ಮಿ ಇದೆ ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ದಾರಿ ಅಲ್ಲೇ ಇದೆ, ಕಾಲಿನಡಿಯಲ್ಲೇ ಇದೆ. ಸಿಮೆಟರಿ ದಿಬ್ಬದ ಮೇಲೆ, ದಾಳಿ ಹೋಗಿ ತಾಕಿದ ಸಾಲಿನಲ್ಲೇ, ಒಂದು ಪುಟ್ಟ ಬಿಳಿ ಮನೆ ಇದೆ. ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತನ ಮನೆ. 1857ರಲ್ಲಿ 12 ಎಕರೆ ಕೊಂಡು ಬೇಸಾಯ ಮಾಡಿಕೊಂಡಿದ್ದ. ಲೀಯ ಸೇನೆ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಓಡಿದ. ಸಿಕ್ಕಿಬಿದ್ದರೆ ಗುಲಾಮಗಿರಿಯೇ ಗತಿ ಅಂತ ಅವನಿಗೆ ಗೊತ್ತಿತ್ತು. ಮರಳಿ ಬಂದಾಗ ಮನೆ ತೂತಾಗಿತ್ತು, ಬೆಳೆ ನೆಲಸಮ. 1,028 ಡಾಲರ್ ನಷ್ಟ ಕೇಳಿದ, ಸರ್ಕಾರ ಕೊಟ್ಟದ್ದು 15. ಲೀಯ ಕಾಲ ಬಳಿಯಿಂದ ಬ್ರಯನ್‌ನ ಮನೆಯತನಕ ಜನರನ್ನು ನಡೆಸಿ. ಸ್ಮಾರಕದ ಪಕ್ಕ ನಿಲ್ಲಿಸಿ ಈ ಕತೆ ಹೇಳಿ ಕಳಿಸಿ. ಆ ಒಂದು ಮೈಲಿಯ ಎರಡು ತುದಿಯೂ ಬೇಕು. ಲೀಯನ್ನು ತೆಗೆದರೆ ಬ್ರಯನ್ ಯಾರಿಗೆ ಹೆದರಿ ಓಡಿದ ಎಂಬುದೇ ಮಸುಕಾಗುತ್ತದೆ.

ವಿರೋಧ: ಏಳು ಜನ ಇರಲಿ, ಮೇಲಿನವನು ಇಳಿಯಲಿ

ರಣರಂಗದಲ್ಲಿ ಇರುವುದೆಲ್ಲ ಇತಿಹಾಸ, ಬೀದಿಯಲ್ಲಿ ಇರುವುದು ಮಾತ್ರ ರಾಜಕೀಯ. ಈ ವಾದ ಕೇಳಲು ಚೆನ್ನಾಗಿದೆ. ಗೆಟ್ಟಿಸ್‌ಬರ್ಗ್‌ನಲ್ಲಿ ಅದು ನಿಲ್ಲುವುದಿಲ್ಲ.

ಯಾವ ತುಕಡಿ ಎಲ್ಲಿತ್ತು, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ಲೀ ಪ್ರತಿಮೆ ಬೇಕಾಗಿಲ್ಲ. 1895ರಲ್ಲಿ ಆ ಜಾಗ ಅಮೆರಿಕದ ಯುದ್ಧ ಇಲಾಖೆಯ ಕೈಗೆ ಬಂತು. ಆಮೇಲೆ ಆಯೋಗ ಎರಡೂ ಸೇನೆಗಳ ಬ್ರಿಗೇಡ್‌ಗಳಿಗೆ ಕಂಚಿನ ಫಲಕ ಹಾಕಿಸಿತು. ಪಿಕೆಟ್‌ನ ಬ್ರಿಗೇಡ್‌ಗಳ ಫಲಕಗಳೂ ಇವೆ. ಆ ಫಲಕಗಳಿಗೆ ಒಂದು ನಿಯಮ ಇತ್ತು: ಹೊಗಳಬಾರದು, ತೆಗಳಬಾರದು, ನಡೆದದ್ದನ್ನು ಹೇಳಬೇಕು. ಅವೆಲ್ಲ ಉಳಿಯಲಿ. ಒಂದನ್ನೂ ಮುಟ್ಟುವುದು ಬೇಡ. ಆರ್ಮಿಸ್ಟೆಡ್ ಬಿದ್ದ ಜಾಗದ ಕಲ್ಲೂ ಇರಲಿ.

ಆದರೆ 41 ಅಡಿ ಎತ್ತರದಲ್ಲಿ, ಒಳ್ಳೆ ಜಾತಿ ಕುದುರೆಯ ಮೇಲೆ, ನೆಟ್ಟಗೆ ಬೆನ್ನು ಮಾಡಿ, ಟೋಪಿ ಕೈಯಲ್ಲಿ ಹಿಡಿದು ಬರಿದಲೆಯಲ್ಲಿ ಕೂತ 14 ಅಡಿಯ ಕಂಚು ಏನನ್ನು ಹೇಳುತ್ತದೆ? ಅದರ ಕೆಳಗೆ ಬರಹ ಎಷ್ಟೇ ಚಿಕ್ಕದಿರಲಿ, ಆ ಎತ್ತರವೇ ಹೊಗಳಿಕೆ. ಆಯೋಗ ಒಂದು ಸಾಲನ್ನು ತಡೆಯಿತು, ನಿಜ. ಅದೇ ಮಾತನ್ನು ಕುದುರೆ ಸಮೇತ ಮೇಲೆ ಕೂರಿಸಲು ಬಿಟ್ಟಿತು. ಅವನು ಅಲ್ಲಿ ಪಶ್ಚಾತ್ತಾಪ ಪಡುತ್ತಾ ಕೂತಿದ್ದಾನೆ ಎಂದು ನಾವು ಅಂದುಕೊಳ್ಳಬಹುದು. ಸೀವರ್ಸ್ ಹಾಗೆ ಕೆತ್ತಿಲ್ಲ. ಅಲ್ಲಿ ಗಾಬರಿಯಿಲ್ಲ, ತಲೆ ತಗ್ಗಿಸಿದ್ದಿಲ್ಲ. ಸತ್ತವರ ಲೆಕ್ಕವೆಲ್ಲ ಕೆಳಗಿನ ಏಳು ಜನರ ಪಾಲಿಗೆ, ಗಾಂಭೀರ್ಯವೆಲ್ಲ ಮೇಲಿನವನಿಗೆ. ಸೈನಿಕರ ಸ್ಮಾರಕ ಅನ್ನುವುದಾದರೆ ಸೈನಿಕರನ್ನು ಬಯಲಿಗೆ ಅಟ್ಟಿದವನು ಅವರ ತಲೆಯ ಮೇಲೆ ಯಾಕೆ ಕೂತಿರಬೇಕು?

ಇದನ್ನು ಕಟ್ಟಿದವರು ಯಾರು, ಯಾವಾಗ ಎಂದು ಕೇಳದೆ ಮುಂದೆ ಹೋಗುವಂತಿಲ್ಲ. ಜೊತೆಯಲ್ಲಿ ಹೋರಾಡಿದ ಗೆಳೆಯರು ಚಂದಾ ಎತ್ತಿ ನಿಲ್ಲಿಸಿದ ರೆಜಿಮೆಂಟ್ ಕಲ್ಲುಗಳು ಆ ಬಯಲಲ್ಲಿ ನೂರಾರಿವೆ. ಅವುಗಳ ಮುಂದೆ ನಿಂತರೆ ನನಗೂ ಗಂಟಲು ಕಟ್ಟುತ್ತದೆ. ಇದು ಹಾಗೆ ಬಂದದ್ದಲ್ಲ. 1908ರಲ್ಲಿ ವರ್ಜೀನಿಯಾದ ಶಾಸನಸಭೆ ದುಡ್ಡು ಕೊಟ್ಟಿತು. ಮುಗಿಯುವ ಹೊತ್ತಿಗೆ ಖರ್ಚು 50,000 ಡಾಲರ್. ಆ ಸಭೆ ಎಂಥದ್ದು? 1902ರಲ್ಲಿ ವರ್ಜೀನಿಯಾ ಹೊಸ ಸಂವಿಧಾನ ಮಾಡಿಕೊಂಡಿತ್ತು. ಮತ ಹಾಕಲು ತೆರಿಗೆ, ಓದು ಬರಹದ ಪರೀಕ್ಷೆ, ಇನ್ನೂ ಏನೇನೋ ಅಡ್ಡಗಾಲು. ಕಪ್ಪು ಮತದಾರರನ್ನು ಹೆಚ್ಚುಕಮ್ಮಿ ಪೂರ್ತಿ ಪಟ್ಟಿಯಿಂದ ಆಚೆ ಹಾಕುವುದೇ ಉದ್ದೇಶ, ಹಾಕಿದ್ದೂ ಆಯಿತು. ಖಜಾನೆಗೆ ಅವರೂ ತೆರಿಗೆ ಕಟ್ಟುತ್ತಿದ್ದರು. ಆ ದುಡ್ಡಿನಲ್ಲಿ ಲೀಯ ಕುದುರೆ ಎದ್ದಿತು. ಬೇಡ ಅನ್ನಲು ಅವರಿಗೆ ಓಟು ಇರಲಿಲ್ಲ.

ಈ ಸ್ಮಾರಕದ ಬಗ್ಗೆ ಮಾತಾಡುವಾಗೆಲ್ಲ 1913ರ ಸಮಾರಂಭವನ್ನು ತರುತ್ತಾರೆ. ಕಾಳಗದ 50ನೇ ವರ್ಷಕ್ಕೆ 50,000ಕ್ಕೂ ಹೆಚ್ಚು ಮುದುಕ ಸೈನಿಕರು ಗೆಟ್ಟಿಸ್‌ಬರ್ಗ್‌ಗೆ ಬಂದಿದ್ದರು. ಅದೇ ಕಲ್ಲುಗೋಡೆಯ ಮೇಲಿಂದ ಕೈ ಚಾಚಿ ಕೈಕುಲುಕಿದರು. ಆ ಫೋಟೋಗಳು ಮನಸ್ಸು ಕರಗಿಸುತ್ತವೆ ಅಲ್ವಾ? ಕರಗಬೇಕಾದದ್ದೇ. ಆದರೆ ಅದು ಬಿಳಿಯರು ಬಿಳಿಯರ ಜೊತೆ ಮಾಡಿಕೊಂಡ ರಾಜಿ. ಜಗಳ ಯಾವುದರ ಬಗ್ಗೆ ಅನ್ನುವುದನ್ನು ಬದಿಗಿಟ್ಟರೆ ಮಾತ್ರ ಅಷ್ಟು ಸಲೀಸಾಗಿ ಕೈ ಕುಲುಕಲಾಗುತ್ತದೆ. ನಾಲ್ಕು ವರ್ಷ ಕಳೆದು ಅದೇ ರಾಜಿಯ ಕಂಚಿನ ರೂಪ ಸೆಮಿನರಿ ದಿಬ್ಬಕ್ಕೆ ಬಂತು.

‘ತನ್ನ ಮಕ್ಕಳಿಗೆ’ ಎಂದು ಕಲ್ಲಿನ ಮೇಲಿದೆ. ನನ್ನ ಮುಖ್ಯ ತಕರಾರು ಇಲ್ಲೇ ಇರುವುದು.

1860ರ ಜನಗಣತಿಯಲ್ಲಿ ವರ್ಜೀನಿಯಾದಲ್ಲಿ ಸುಮಾರು 16 ಲಕ್ಷ ಜನ. ಅದರಲ್ಲಿ 4 ಲಕ್ಷ 90 ಸಾವಿರ ಮಂದಿ ಗುಲಾಮರು. ಬೇರೆ ಯಾವ ರಾಜ್ಯದಲ್ಲೂ ಅಷ್ಟು ಜನ ಗುಲಾಮರು ಇರಲಿಲ್ಲ. ಅವರು ವರ್ಜೀನಿಯಾದ ಮಕ್ಕಳಲ್ಲವೇ? ಅವರಲ್ಲಿ ಕೆಲವರು ಗೆಟ್ಟಿಸ್‌ಬರ್ಗ್‌ಗೂ ಬಂದಿದ್ದರು. ಲೀಯ ಸೇನೆಯ ಜೊತೆ ಸಾವಿರಾರು ಗುಲಾಮರನ್ನು ಎಳೆದು ತಂದಿದ್ದರು. ಗಾಡಿ ಹೊಡೆದವರು, ಅಡುಗೆ ಮಾಡಿದವರು, ಕುದುರೆ ತಿಕ್ಕಿದವರು, ಅಧಿಕಾರಿಗಳ ಬಟ್ಟೆ ಒಗೆದವರು, ಗಾಯಾಳುಗಳನ್ನು ಹೊತ್ತವರು ಅವರೇ. ಅವರ ದುಡಿಮೆ ಇಲ್ಲದೆ ಆ ಸೇನೆ ಪೆನ್ಸಿಲ್ವೇನಿಯಾ ತಲುಪುತ್ತಿರಲಿಲ್ಲ. ಏಳು ಜನರ ಗುಂಪಿನಲ್ಲಿ ಕಲಾವಿದನಿಗೆ ಜಾಗ ಸಿಕ್ಕಿತು. ಅಡುಗೆ ಮಾಡಿದವನಿಗೆ ಸಿಗಲಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ವರ್ಜೀನಿಯಾದ ಪಶ್ಚಿಮದ ಬೆಟ್ಟದ ಜಿಲ್ಲೆಗಳ ಜನ ಒಡೆದು ಹೋಗಲು ಒಪ್ಪಲಿಲ್ಲ. ಅವರು ಬೇರೆಯಾಗಿ ವೆಸ್ಟ್ ವರ್ಜೀನಿಯಾ ಎಂಬ ಹೊಸ ರಾಜ್ಯ ಮಾಡಿಕೊಂಡರು. ಅದು ಅಧಿಕೃತವಾಗಿ ರಾಜ್ಯವಾದದ್ದು 1863ರ ಜೂನ್ 20ರಂದು, ಗೆಟ್ಟಿಸ್‌ಬರ್ಗ್ ಕಾಳಗಕ್ಕೆ 11 ದಿನ ಮುಂಚೆ. ಆ ರಾಜ್ಯದ 7ನೇ ಪದಾತಿ ರೆಜಿಮೆಂಟ್ ಜುಲೈ 2ರ ಸಂಜೆ ಈಸ್ಟ್ ಸಿಮೆಟರಿ ಗುಡ್ಡದಲ್ಲಿ ಉತ್ತರದ ಪರವಾಗಿ ದಕ್ಷಿಣದವರನ್ನು ಹಿಂದಕ್ಕೆ ಅಟ್ಟಿತು. ಅವರಲ್ಲಿ ಅನೇಕರು ವರ್ಜೀನಿಯಾದ ನೆಲದವರೇ. ಸೈನ್ಯಕ್ಕೆ ಸೇರುವಾಗ ಅಂಥವರ ಊರಿನ ವಿಳಾಸವೂ ವರ್ಜೀನಿಯಾವೇ. ಅವರಿಗೆ ಚಿಕ್ಕದೊಂದು ಸ್ಮಾರಕ ಇದೆ. ಅದನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ದೇಶ ಒಡೆಯಲು ಒಪ್ಪದ ಮಕ್ಕಳಿಗೆ ಚಿಕ್ಕದೊಂದು ನೆನಪು, ಒಡೆದ ಸೇನಾಪತಿಗೆ 41 ಅಡಿ. ಇದು ಸರಿಯಾದ ಲೆಕ್ಕವೇ?

ಆ ಸೇನೆ ಪೆನ್ಸಿಲ್ವೇನಿಯಾದಲ್ಲಿ ಮಾಡಿದ್ದು ಬರೀ ಮೂರು ದಿನದ ಕಾಳಗ ಅಲ್ಲ. 1863ರ ಜೂನ್‌ನಲ್ಲಿ ಗಡಿ ದಾಟಿ ಬರುವಾಗ ಚೇಂಬರ್ಸ್‌ಬರ್ಗ್ ಮತ್ತು ಸುತ್ತಲಿನ ಊರುಗಳಲ್ಲಿ ಕಪ್ಪು ಜನರನ್ನು ಹಿಡಿದರು. ತಪ್ಪಿಸಿಕೊಂಡು ಬಂದವರು, ಹುಟ್ಟಿನಿಂದಲೇ ಸ್ವತಂತ್ರರಾದವರು ಎಂಬ ವ್ಯತ್ಯಾಸವನ್ನೂ ನೋಡಲಿಲ್ಲ. ಹೆಂಗಸರು ಮಕ್ಕಳನ್ನು ದನ ಅಟ್ಟಿದ ಹಾಗೆ ಅಟ್ಟಿಕೊಂಡು ಹೋದದ್ದನ್ನು ಅಲ್ಲಿಯ ಬಿಳಿಯರೇ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಅವರನ್ನು ಸಾಗಿಸಿದ್ದು ದಕ್ಷಿಣಕ್ಕೆ, ವರ್ಜೀನಿಯಾದ ಕಡೆಗೆ, ಗುಲಾಮಗಿರಿಗೆ. ಬ್ರಯನ್ ಓಡಿದ್ದು ಈ ಸುದ್ದಿಗೇ. ಅವನ ಮನೆಯನ್ನು ತೋರಿಸಿ ಎಂದು ಪರ ವಾದ ಹೇಳುತ್ತದೆ. ಖಂಡಿತ ತೋರಿಸಿ. ಆದರೆ ಅವನ ಪುಟ್ಟ ಮನೆಯಿಂದ ತಲೆ ಎತ್ತಿ ನೋಡಿದರೆ ಎದುರಿಗೆ ಇವತ್ತಿಗೂ ಲೀಯೇ. ಅವನನ್ನು ಓಡಿಸಿದವನು ಗೌರವದ ಪೀಠದಲ್ಲಿ, ಅವನ ಪಾಲಿಗೆ ಒಂದು ಮಾಹಿತಿ ಫಲಕ. ಪಕ್ಕದಲ್ಲಿ ಇನ್ನೊಂದು ಬೋರ್ಡು ಹಾಕಿದರೆ ಸರಿಹೋಗುತ್ತದೆ ಅನ್ನುವವರು, ಕಂಚಿನ ಪ್ರತಿಮೆಯ ಫೋಟೋ ತೆಗೆಯುವವರಲ್ಲಿ ಎಷ್ಟು ಜನ ಬೋರ್ಡು ಓದುತ್ತಾರೆ ಅಂತಲೂ ಹೇಳಬೇಕು.

ಆ ನೆಲದಲ್ಲಿ ಯಾರನ್ನಾದರೂ ಎತ್ತರಕ್ಕೆ ಏರಿಸಲೇಬೇಕಾದರೆ ನನ್ನ ಆಯ್ಕೆ ಬೇಸಿಲ್ ಬಿಗ್ಸ್. ಗೆಟ್ಟಿಸ್‌ಬರ್ಗ್‌ನ ಕಪ್ಪು ರೈತ. ಕಾಳಗ ಮುಗಿದ ಮೇಲೆ ಹೊಲಗಳಲ್ಲಿ ಅರೆಬರೆ ಮುಚ್ಚಿದ್ದ ಉತ್ತರದ ಸೈನಿಕರ ಹೆಣಗಳನ್ನು ಅಗೆದು ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸುವ ಕೆಲಸ ಮಾಡಿದ್ದು ಅವನು ಮತ್ತು ಅವನ ಜೊತೆಯ ಕಪ್ಪು ಕೂಲಿಗಳು. 3,000ಕ್ಕೂ ಜಾಸ್ತಿ ಹೆಣ. ಬೇಸಗೆಯ ಕಾಳಗ, ಶರತ್ಕಾಲದ ಅಗೆತ. ಆ ಕೆಲಸ ಹೇಗಿದ್ದಿರಬಹುದು ಅಂತ ಯೋಚಿಸಿ. ಲಿಂಕನ್ 1863ರ ನವೆಂಬರ್ 19ರಂದು ನಿಂತು ಮಾತಾಡಿದ ಆ ಸ್ಮಶಾನ ತುಂಬಿದ್ದು ಅವರ ಕೈಯಿಂದ. ಮುಂದೆ ಊರಿನ ಕಪ್ಪು ಸೈನಿಕರು ಸತ್ತಾಗ ಬಹುಪಾಲು ಮಂದಿಗೆ ಅಲ್ಲಿ ಜಾಗ ಸಿಗಲಿಲ್ಲ. ಅವರಿಗೆ ಲಿಂಕನ್ ಸ್ಮಶಾನ ಎಂಬ ಬೇರೆ ಜಾಗ. ಬಿಗ್ಸ್‌ಗೆ ಕುದುರೆ ಮೇಲಿನ ಪ್ರತಿಮೆ ಇಲ್ಲ.

ಲೀ ತಾನೇ ಏನು ಬಯಸಿದ್ದ? 1869ರಲ್ಲಿ ಗೆಟ್ಟಿಸ್‌ಬರ್ಗ್‌ನಿಂದ ಅವನಿಗೆ ಕರೆ ಹೋಗಿತ್ತು. ಸೇನೆಗಳು ನಿಂತ ಜಾಗಗಳನ್ನು ಗುರುತಿಸಿ ಕಲ್ಲು ಹಾಕುತ್ತೇವೆ, ಬನ್ನಿ ಎಂದು. ಅವನು ಒಪ್ಪಲಿಲ್ಲ. ಯುದ್ಧದ ಗಾಯವನ್ನು ಕೆದಕುತ್ತಾ ಇರುವುದಕ್ಕಿಂತ ಒಳಜಗಳದ ಗುರುತುಗಳನ್ನು ಅಳಿಸಲು ನೋಡಿದ ದೇಶಗಳ ದಾರಿ ಹಿಡಿಯುವುದು ಒಳ್ಳೆಯದು ಎಂದು ಉತ್ತರ ಬರೆದ. ಅವನ ಮಾತಿಗೆ ಅಷ್ಟೊಂದು ಬೆಲೆ ಕೊಡುವವರು ಈ ಮಾತಿಗೆ ಮಾತ್ರ ಕಿವಿ ಕೊಡಲಿಲ್ಲ. ಸೋತವನ ಮಾತು ಅಂತ ಇದನ್ನು ನಾನು ಹೊತ್ತು ಮೆರೆಸುತ್ತಿಲ್ಲ. ಅವನನ್ನು ಪೀಠದಿಂದ ಇಳಿಸುವುದು ಅವನಿಗೆ ಅವಮಾನ ಅನ್ನುವವರಿಗೆ ನೆನಪಿಸಿದೆ, ಅಷ್ಟೇ.

2020ರ ಮಸೂದೆಯನ್ನು ನಾನು ಒಪ್ಪುವುದಿಲ್ಲ. 180 ದಿನದೊಳಗೆ ಪ್ರತಿಮೆ, ಫಲಕ ಎಲ್ಲವನ್ನೂ ಕಿತ್ತು ಹಾಕಿ ಅಂದರೆ ತುಕಡಿಗಳ ಜಾಗ ತೋರಿಸುವ ಫಲಕಗಳೂ ಹೋಗುತ್ತವೆ. ಅದು ಅಳಿಸುವ ಕೆಲಸ. ನಾನು ಕೇಳುವುದು ಅದಕ್ಕಿಂತ ಚಿಕ್ಕದು. ತಳದ ಏಳು ಜನ ಇರುವಲ್ಲೇ ಇರಲಿ. ಕಡ್ಡಾಯ ಭರ್ತಿಯ ರೈತ, ಆ ಹುಡುಗ, ಅವರ ಕಾಲ ಬಳಿಯ ಮುರಿದ ಸಾಮಾನು, ಎಲ್ಲ ಇರಲಿ. ಲೀ ಮತ್ತು ಟ್ರಾವಲರ್ ಕೆಳಗಿಳಿದು ಉದ್ಯಾನದ ವಸ್ತುಸಂಗ್ರಹಾಲಯಕ್ಕೆ ಹೋಗಲಿ. 2008ರಲ್ಲಿ ತೆರೆದ ಆ ಹೊಸ ಕಟ್ಟಡದಲ್ಲಿ ಯುದ್ಧಕ್ಕೆ ಗುಲಾಮಗಿರಿ ಕಾರಣ ಎಂಬುದನ್ನು ಹೇಳುತ್ತಾರೆ. ಅಲ್ಲಿ ನೆಲದ ಮಟ್ಟದಲ್ಲಿ ಅವನನ್ನು ನಿಲ್ಲಿಸಿ, 1908, 1913, 1917ರ ಕತೆಯನ್ನೂ ಜೊತೆಗೆ ಹೇಳಿ. ಬೇಕಿದ್ದವರು ಹತ್ತಿರ ಹೋಗಿ ಸೀವರ್ಸ್‌ನ ಕೈಚಳಕವನ್ನೂ ನೋಡಲಿ. 41 ಅಡಿ ಕೆಳಗೆ ನಿಂತು ಅದು ಕಾಣುವುದೂ ಇಲ್ಲ.

ಇದನ್ನು ವಾಷಿಂಗ್ಟನ್ನಿನವರು ಹೇರಬೇಕಾಗಿಲ್ಲ. ಕೊಟ್ಟದ್ದು ವರ್ಜೀನಿಯಾ, ಇಳಿಸಿ ಎಂದು ಕೇಳಲೂ ವರ್ಜೀನಿಯಾಗೆ ಹಕ್ಕಿದೆ. ಅದು ಈ ದಾರಿಯಲ್ಲಿ ಈಗಾಗಲೇ ನಡೆದಿದೆ. ಅಮೆರಿಕದ ಸಂಸತ್ ಭವನದಲ್ಲಿ ಪ್ರತಿ ರಾಜ್ಯವೂ ತನ್ನ ಇಬ್ಬರ ಪ್ರತಿಮೆ ಇಡಬಹುದು. ವರ್ಜೀನಿಯಾ ಅಲ್ಲಿ ಇಟ್ಟಿದ್ದವರಲ್ಲಿ ಒಬ್ಬ ಲೀ. 2020ರ ಡಿಸೆಂಬರ್‌ನಲ್ಲಿ ರಾಜ್ಯ ತಾನಾಗಿ ಅವನನ್ನು ತೆಗೆಸಿತು. ಅವನ ಬದಲು ಆರಿಸಿದ್ದು ಬಾರ್ಬರಾ ಜಾನ್ಸ್ ಎಂಬ ಹೆಣ್ಣುಮಗಳನ್ನು. 1951ರಲ್ಲಿ, 16ನೇ ವಯಸ್ಸಿನಲ್ಲಿ, ಕಪ್ಪು ಮಕ್ಕಳಿಗೆ ಕೊಟ್ಟಿದ್ದ ಹಾಳು ಶಾಲೆಯ ವಿರುದ್ಧ ಸಹಪಾಠಿಗಳನ್ನೆಲ್ಲ ಹೊರಗೆ ಕರೆತಂದು ಮುಷ್ಕರ ಹೂಡಿದವಳು ಅವಳು. ತನ್ನ ಹೆಸರಿನಲ್ಲಿ ಯಾರು ನಿಲ್ಲಬೇಕು ಎಂದು ವರ್ಜೀನಿಯಾ ದೇಶದ ರಾಜಧಾನಿ ವಾಷಿಂಗ್ಟನ್‌ನಲ್ಲಿ ತೀರ್ಮಾನ ಮಾಡಿದೆ. ಅದೇ ತೀರ್ಮಾನವನ್ನು 130 ಕಿಲೋಮೀಟರ್ ಆಚೆಗೂ ಮಾಡಬಹುದು. ಅಲ್ಲಿನ ಶಾಸನಸಭೆ ಒಂದು ನಿರ್ಣಯ ಮಾಡಿ ಉದ್ಯಾನ ಇಲಾಖೆಗೆ ಕಾಗದ ಬರೆಯಲಿ.